ನನಗೆ ಕೇಳಿಸದ ಸೀಟಿ

ಅವತ್ತು ಗಾಡಿಯಲ್ಲಿ ಬನವಾಸಿ ಕಡೆಯ ಭತ್ತದ ಹುಲ್ಲು ತುಂಬಿತ್ತು. ತ್ಯಾಗಲಿಯ ಹೆಗಡೇರ ಕೊಟ್ಟಿಗೆಗೆ ಹೋಗಬೇಕಾದ ಲೋಡು. ಊರು ಹತ್ತಿರವಾದ ಹಾಗೆ ಒಂದು ಉದ್ದನೆಯ ಏರು ಬರುತ್ತದೆ. ಅಲ್ಲಿ ನಾನು ಗೇರು ಇಳಿಸಿ ಕಾಲು ಒತ್ತಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ನೀಲವ್ವ ಎಲೆಯಡಿಕೆ ಮಡಿಚುವುದನ್ನು ನಿಲ್ಲಿಸಿ ತಲೆ ಓರೆ ಮಾಡಿದಳು.

“ಕೇಳಸಾಕತ್ತೈತೇನ್ರಿ?”

“ಏನು?”

“ಸೀಟಿ. ಮತ್ತ ಸುರು ಆತು ನೋಡ್ರಿ.”

ನನಗೆ ಏನೂ ಕೇಳಿಸಲಿಲ್ಲ. ಆದರೂ “ಹೂಂ, ಸಣ್ಣಗೆ ಐತಿ” ಎಂದೆ. ಅವಳು ನಕ್ಕಳು. “ನಿಮಗೆಲ್ಲಿ ಕೇಳಸ್ತೈತಿ, ಸುಳ್ಳ ಹೇಳಬ್ಯಾಡ್ರಿ” ಎಂದು, ಕಾಲ ಬುಡದಲ್ಲಿದ್ದ ರಬ್ಬರ್ ಪೈಪಿನ ತುಂಡು ತೆಗೆದುಕೊಂಡಳು.

ನಮ್ಮದು ಹಳೆಯ ಲಾರಿ, ಚಪ್ಪಟೆ ಮುಖದ್ದು. ಇದರಲ್ಲಿ ಎಂಜಿನ್ನು ಕ್ಯಾಬಿನ್ನಿನ ಒಳಗೇ ಇರುತ್ತದೆ. ಡ್ರೈವರಿಗೂ ಪಕ್ಕದವರಿಗೂ ನಡುವೆ ಒಂದು ದಿಬ್ಬ, ಅದರ ಮೇಲೊಂದು ಮುಚ್ಚಳ. ಮುಚ್ಚಳ ಎತ್ತಿದರೆ ಎಂಜಿನ್ನಿನ ಬಿಸಿಯುಸಿರು ಮುಖಕ್ಕೆ ಹೊಡೆಯುತ್ತದೆ. ನೀಲವ್ವ ಅದನ್ನು ಎತ್ತಿ, ಪೈಪಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಒಳಗೆ ನಿಧಾನವಾಗಿ ಆಡಿಸುತ್ತ ಹೋದಳು. ಡಾಕ್ಟರು ಎದೆ ನೋಡುವ ಹಾಗೆ. ಏರು ಮುಗಿದು ಗಾಡಿ ನಿಲ್ಲಿಸಿದಾಗ “ಸಿಕ್ತು” ಎಂದಳು. ಸುಣ್ಣದ ಡಬ್ಬಿಯಿಂದ ಬೆರಳ ತುದಿಗೆ ಒಂದಿಷ್ಟು ಸುಣ್ಣ ತೆಗೆದು ಗುರುತಿಗೆಂದು ಒಳಗೆ ಎಲ್ಲಿಯೋ ಒತ್ತಿದಳು. ಬೆರಳು ಸುಟ್ಟಿತು. ಊದಿಕೊಂಡು, “ಸಿರಸಿ ಗ್ಯಾರೇಜಿನ ಗಜಾನನ ಮಿಸ್ತ್ರಿಗೆ ಇದನ್ನ ತೋರ್ಸಿದ್ರ ಮುಗೀತು” ಎಂದು ಮುಚ್ಚಳ ಹಾಕಿದಳು.

ಆಮೇಲೆ ಹುಲ್ಲು ಇಳಿಸಿದೆವು, ಹೆಗಡೇರ ಮನೆಯಲ್ಲಿ ಚಹ ಕುಡಿದೆವು, ವಾಪಸು ಬಂದೆವು. ಹೇಳಿಕೊಳ್ಳುವಂಥದ್ದೇನೂ ಆ ದಿನ ನಡೆಯಲಿಲ್ಲ. ಮರುದಿನ ಬೆಳಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದ ನೀಲವ್ವ ಅಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದಳು. ಎದೆಯದು ಎಂದರು.

ಗಾಡಿ ಮನೆಯ ಮುಂದಿನ ಹುಣಸೆಮರದ ಕೆಳಗೆ ನಿಂತಿತು. ನಾನೂ ಹೆಚ್ಚುಕಡಿಮೆ ಹಾಗೆಯೇ ನಿಂತೆ.

ನೀಲವ್ವ ಸುಣ್ಣ ಹಚ್ಚಿದ, ಗಾಳಿ ಸೋರುತ್ತಿದ್ದ ಆ ಭಾಗದ ಬಗ್ಗೆ ನಿಮಗೆ ಎರಡು ಮಾತು ಹೇಳಬೇಕು. ಅದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡ್ ಅನ್ನುತ್ತಾರೆ. ಹೊರಗಿನ ಗಾಳಿ ಶೋಧಿಸಿಕೊಂಡು ಒಳಗೆ ಬಂದು, ಟರ್ಬೊದಲ್ಲಿ ಒತ್ತಡ ಪಡೆದು, ಈ ಅಲ್ಯೂಮಿನಿಯಂ ಕೊಳವೆಗೆ ಬರುತ್ತದೆ. ಕೊಳವೆಯಿಂದ ಕವಲು ಕವಲಾಗಿ ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ಹಂಚಿಹೋಗುತ್ತದೆ. ಎಲ್ಲಾದರೂ ಬಿರುಕು ಬಿಟ್ಟರೆ, ಸಂದಿಯಲ್ಲಿ ಕೂರಿಸುವ ಪ್ಯಾಕಿಂಗ್ ಸುಟ್ಟರೆ, ಏರು ಹತ್ತುವಾಗ ಆ ಗಾಳಿ ಸೀಟಿ ಹೊಡೆಯುತ್ತ ಹೊರಗೆ ಹೋಗುತ್ತದೆ. ಗಾಡಿಗೆ ದಮ್ಮು ಸಾಲುವುದಿಲ್ಲ, ಕಪ್ಪು ಹೊಗೆ ಉಗುಳುತ್ತದೆ. ಇಷ್ಟನ್ನು ಗಜಾನನ ಮಿಸ್ತ್ರಿ ಒಮ್ಮೆ ಕೈ ತಿರುಗಿಸಿ ತಿರುಗಿಸಿ ವಿವರಿಸಿದ್ದ. ಎಲ್ಲ ಕೇಳಿಸಿಕೊಂಡ ನೀಲವ್ವ, “ಅಂದ್ರ ಆಕಳ ಕೆಚ್ಚಲ ಇದ್ದಂಗ ಅನ್ರಿ. ಚೀಲ ಒಂದು, ಮೊಲೆ ಬ್ಯಾರೆ ಬ್ಯಾರೆ” ಎಂದಳು. ಮಿಸ್ತ್ರಿಗೆ ತನ್ನ ಭಾಷಣ ಇಷ್ಟು ಚಿಕ್ಕದಾದದ್ದು ಅಷ್ಟೊಂದು ಹಿಡಿಸಲಿಲ್ಲ. ಆದರೆ ಆಮೇಲೆ ಅವನೂ “ಕೆಚ್ಚಲು ಬಿಚ್ಚು”, “ಕೆಚ್ಚಲಿನ ಪ್ಯಾಕಿಂಗ್ ತಾ” ಎಂದೇ ಹೇಳತೊಡಗಿದ. ಸಿರಸಿಯ ಅವನ ಗ್ಯಾರೇಜಿನಲ್ಲಿ ಈಗಲೂ ಹಾಗೆಯೇ ಅನ್ನುತ್ತಾರೆ. ಯಾರಿಟ್ಟ ಹೆಸರೆಂದು ಹೊಸ ಗಿರಾಕಿಗಳಿಗೆ ಗೊತ್ತಿರಲಾರದು.

ಸೀಟಿಯ ವಿಷಯ ಬಂದಾಗ ನನ್ನ ಅವ್ವ ನೆನಪಾಗುತ್ತಾಳೆ. ಮನೆಯೊಳಗೆ ಸೀಟಿ ಹೊಡೆದರೆ ಹಾವು ಬರುತ್ತದೆ ಎಂದು ಅವಳು ನಮ್ಮನ್ನು ಹೆದರಿಸುತ್ತಿದ್ದಳು. ನನ್ನ ಅಣ್ಣ ಹಿತ್ತಲಿಗೆ ಹೋಗಿ ಕದ್ದು ಸೀಟಿ ಹೊಡೆಯುತ್ತಿದ್ದ. ನನಗೆ ಎಷ್ಟು ತುಟಿ ಮುಂದೆ ಮಾಡಿದರೂ ಬರೇ ಗಾಳಿ ಬರುತ್ತಿತ್ತು. ಹಾವಿಗೂ ನನಗೂ ಹಾಗಾಗಿ ಯಾವ ತಂಟೆಯೂ ಆಗಲಿಲ್ಲ. ಅಪ್ಪನ ಚಕ್ಕಡಿ ಮಾತ್ರ ಚೆನ್ನಾಗಿ ಕಿರುಗುಟ್ಟುತ್ತಿತ್ತು. ಗದ್ದೆಯಿಂದ ಹುಲ್ಲು ಹೇರಿಕೊಂಡು ಬರುವಾಗ ನಾನು ಹೇರಿನ ಮೇಲೆ ಅಂಗಾತ ಮಲಗಿ ಬರುತ್ತಿದ್ದೆ. ಹುಲ್ಲಿನ ಬಿಸಿ ಬೆನ್ನಿಗೆ, ಮುಖಕ್ಕೆ ತಣ್ಣನೆಯ ಗಾಳಿ. ಮನೆ ಮುಟ್ಟಿದ ಮೇಲೆ ಮೈಯೆಲ್ಲ ತುರಿಕೆ. ಹುಲ್ಲಿನ ಧೂಳು ನನ್ನನ್ನು ಆಗ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಚಕ್ಕಡಿ ಹೋಗಿ ಲಾರಿ ಬಂತು, ಮನುಷ್ಯರು ಕಟ್ಟುತ್ತಿದ್ದ ಸಿವುಡಿನ ಬದಲು ಯಂತ್ರ ಕಟ್ಟಿದ ಪೆಂಡಿ ಬಂತು, ಆದರೆ ನಾನು ಹೊತ್ತದ್ದು ಅದೇ ಹುಲ್ಲು. ನಮ್ಮ ಬನವಾಸಿ ಕಡೆ ಗದ್ದೆ ಇದೆ, ಹುಲ್ಲು ಉಳಿಯುತ್ತದೆ. ಸಿದ್ದಾಪುರದ ಕಡೆ ದನ ಇವೆ, ಹುಲ್ಲು ಸಾಲುವುದಿಲ್ಲ. ಮನ್ಮನೆ, ತ್ಯಾಗಲಿ, ನಿಲ್ಕುಂದ ಎಂದು ಸುತ್ತಿ ಸುತ್ತಿ ನನ್ನ ಆಯುಷ್ಯದ ದೊಡ್ಡ ಪಾಲು ಇಲ್ಲಿಂದಲ್ಲಿಗೆ ಹುಲ್ಲು ಸಾಗಿಸುವುದರಲ್ಲೇ ಕಳೆಯಿತು.

ಕಿವಿ ಹೋದದ್ದೂ ಅದರಲ್ಲೇ. ಎಡಗಿವಿಯನ್ನು ಎಂಜಿನ್ನಿಗೆ ಕೊಟ್ಟೆ, ಬಲಗಿವಿಯನ್ನು ಎದುರು ಬರುವವರ ಹಾರ್ನಿಗೆ. ಮಾತು ಕೇಳಿಸುತ್ತದೆ, ಗಡಗಡ ಎನ್ನುವುದೆಲ್ಲ ಕೇಳಿಸುತ್ತದೆ. ಸಣ್ಣ ದನಿಯವು ಒಂದೊಂದಾಗಿ ಬಿಟ್ಟುಹೋದವು. ಮೊದಲು ಜೀರುಂಡೆ, ಆಮೇಲೆ ಮಗಳ ಕಾಲ್ಗೆಜ್ಜೆ, ಆಮೇಲೆ ಕುಕ್ಕರಿನ ಸೀಟಿ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನೀಲವ್ವ ತಾನೇ ಕಂಡುಹಿಡಿದಳು. ಒಂದು ಸಲ ಗಾಡಿಯಲ್ಲಿ ಕೂತವಳೇ, “ಈಗ ಸೀಟಿ ಐತೇನ್ರಿ?” ಎಂದು ಕೇಳಿದಳು. ಬೇರೇನೋ ಯೋಚನೆಯಲ್ಲಿದ್ದ ನಾನು ರೂಢಿಯಂತೆ ಕಿವಿಗೊಟ್ಟವನ ಹಾಗೆ ಮುಖ ಮಾಡಿ, “ಐತಿ, ಮೊದಲಿಗಿಂತ ಕಡಿಮಿ” ಎಂದೆ.

“ಎಂಜಿನ್ ಬಂದ್ ಐತ್ರಿ” ಎಂದಳು.

ಅವಳು ನನ್ನ ಜೊತೆ ಲಾರಿ ಹತ್ತಿದ್ದು ಮಗಳು ಕಸ್ತೂರಿ ಮದುವೆಯಾಗಿ ಯಲ್ಲಾಪುರಕ್ಕೆ ಹೋದ ಮೇಲೆ. ಹಗ್ಗ ಕಟ್ಟಲು ಬರುತ್ತಿದ್ದವನು ಅದೇ ಸುಮಾರಿಗೆ ಕೆಲಸ ಬಿಟ್ಟಿದ್ದ. “ಮನ್ಯಾಗ ಗ್ವಾಡಿ ನೋಡಿಕೋತ ಕುಂದ್ರೂದಕ್ಕಿಂತ ನಾನ ಬರ್ತೀನಿ” ಎಂದಳು. ನಾನು ಬೇಡವೆಂದೆ. ಮರುದಿನ ನೋಡಿದರೆ ಸೀಟಿನ ಮೇಲೆ ಚಾದರ ಹಾಸಿಕೊಂಡು ಕೂತಿದ್ದಳು. ಹೆಂಗಸು ಲಾರಿಯಲ್ಲಿ ದಿನಾ ಓಡಾಡುವುದೆಂದರೆ ನಮ್ಮ ಕಡೆ ಜನ ನೋಡುತ್ತಾರೆ. ಸಿರಸಿಯ ಪೆಟ್ರೋಲ್ ಬಂಕಿನಲ್ಲಿ ಒಬ್ಬ, “ಏನ್ ಬಸಣ್ಣ, ಹೊಸಾ ಕ್ಲೀನರ್ ಇಟ್ಟೀಯಂತ?” ಎಂದು ಕಿಚಾಯಿಸಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ ಕಿಟಕಿಯಿಂದ ತಲೆ ಹೊರಹಾಕಿ, “ಹೌದಪಾ, ಮಾಲಕ್ರು ಚಲೋ ಅದಾರ. ಪಗಾರ ಕೊಡಂಗಿಲ್ಲ, ಅದೊಂದ ಬಿಟ್ರ” ಎಂದಳು. ಆಮೇಲೆ ಅಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಪ್ಯಾಕಿಂಗ್ ಅವಳಿದ್ದಾಗ ಒಮ್ಮೆ ಸುಟ್ಟೂ ಹೋಗಿತ್ತು. ನಿಲ್ಕುಂದದ ಹತ್ತಿರ, ಲೋಡಿನ ಜೊತೆ. ಕಾಡಿನ ರಸ್ತೆ, ಫೋನು ಸಿಗುವುದಿಲ್ಲ. ಹುಲ್ಲು ತರಿಸಿದ್ದ ಮನೆಯವರು ಹುಡುಕಿಕೊಂಡು ನಡೆದು ಬಂದು, “ಹಾಳೆ ಕತ್ತರಿಸಿ ಹಾಕಿ ನೋಡು ಮಾರಾಯಾ” ಎಂದರು. ಊಟದ ತಟ್ಟೆ ಮಾಡುತ್ತಾರಲ್ಲ, ಆ ಅಡಿಕೆ ಹಾಳೆ. ಅವರ ತೋಟದಿಂದಲೇ ಒಂದು ಎತ್ತಿ ತಂದರು. ನೀಲವ್ವ ಅದನ್ನು ನೀರಲ್ಲಿ ನೆನೆಸಿ, ಬಿಚ್ಚಿದ ಕೊಳವೆಯ ಬಾಯಿಗಿಟ್ಟು ಅಚ್ಚು ತೆಗೆದು, ಎಲೆಯಡಿಕೆಯ ಕತ್ತರಿಯಲ್ಲೇ ತೂತು ಮಾಡಿದಳು. ಎರಡೂ ಮೈಗೆ ಹಲಸಿನ ಮೇಣ ಬಳಿದೆವು, ಒಡೆದ ಮಡಕೆಗೆ ಬಳಿಯುವ ಹಾಗೆ. ಗಾಡಿ ಹತ್ತಿತು ನೋಡಿ! ಆದರೆ ಹಾಳೆ ಬಿಸಿಯಾದ ಹಾಗೆ ಕ್ಯಾಬಿನ್ನಿನಲ್ಲೆಲ್ಲ ಊಟದ ಪಂಕ್ತಿಯ ವಾಸನೆ. “ಮುಂದಿನ ಸಲ ಸಾರು ತರೂಣು, ಬಡಸಾಕ ಬರ್ತೈತಿ” ಎಂದಳು ನೀಲವ್ವ. ಸಿರಸಿ ಮುಟ್ಟುವಾಗ ಹಾಳೆ ಹಪ್ಪಳವಾಗಿತ್ತು. ಗಜಾನನ ಅದನ್ನು ಕೆರೆದು ತೆಗೆದು, ಬಯ್ದು, ಕೊನೆಗೆ ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಬಂದವರಿಗೆಲ್ಲ ತೋರಿಸಿ ನಗುತ್ತಾನೆ.

ಅವಳು ಹೋದ ಮೇಲೆ ಕಸ್ತೂರಿ ಫೋನು ಮಾಡಿದಾಗಲೆಲ್ಲ ಒಂದೇ ಮಾತು. “ಅಪ್ಪಾ, ಗಾಡಿ ಮಾರಿಬಿಡು. ಇಲ್ಲಿಗೆ ಬಾ. ಕಿವಿ ಕೇಳಂಗಿಲ್ಲ, ಒಬ್ಬನ ಹೆಂಗ ಓಡಸ್ತಿ?” ಅವಳು ಹೇಳುವುದರಲ್ಲಿ ತಪ್ಪಿರಲಿಲ್ಲ. ನಾನು ಹೂಂ ಎನ್ನುತ್ತಿದ್ದೆ. ಯಲ್ಲಾಪುರದಲ್ಲಿ ಅಳಿಯನ ಅಂಗಡಿಯ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ನೋಡುವುದು ನನ್ನ ಕೈಲಾಗುತ್ತದೆಯೇ ಎಂದು ಯೋಚಿಸುತ್ತಿದ್ದೆ. ಗಾಡಿ ಮಾರಿದರೆ ನನ್ನ ಪಾಲಿಗೆ ಉಳಿಯುವುದು ಆ ಕಟ್ಟೆ. ಇಟ್ಟುಕೊಂಡರೆ ಏರಿನಲ್ಲಿ ಒಬ್ಬನೇ. ಯಾವುದಕ್ಕೂ ಮೈಯಲ್ಲಿ ಉಮೇದಿರಲಿಲ್ಲ. ಕಡೆಗೆ ನನ್ನಷ್ಟಕ್ಕೆ ಒಂದು ತೀರ್ಮಾನ ಮಾಡಿಕೊಂಡೆ. ಸೋರುವುದನ್ನು ಸರಿ ಮಾಡಿಸಿ, ತ್ಯಾಗಲಿಯ ಏರನ್ನು ಲೋಡಿನ ಜೊತೆ ಹತ್ತಿಸಿ ನೋಡುವುದು. ಹತ್ತಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಮಗಳ ಮಾತು.

ಸುಗ್ಗಿ ಮುಗಿದ ಮೇಲೆ ಗಾಡಿಯನ್ನು ಸಿರಸಿಗೆ ಒಯ್ದೆ. ಗಜಾನನ ನನ್ನ ಬದಲು ಗಾಡಿಯನ್ನೇ ಮಾತಾಡಿಸಿದ. “ಎಂತದೇ, ಅಂತೂ ಬಂದ್ಯಾ?” ಎಂದು ಬಾಗಿಲಿಗೆ ತಟ್ಟಿದ. ಒಳಗೆ ಅವಳು ಗುರುತು ಹಾಕಿದ್ದಾಳೆ, ನೋಡು ಎಂದು ಹೇಳಬೇಕಿತ್ತು. ಬಿಚ್ಚಿದಾಗ ಕಾಣುತ್ತದಲ್ಲ ಎಂದುಕೊಂಡು ಎದುರಿನ ಅಂಗಡಿಗೆ ಚಹಕ್ಕೆ ಹೋದೆ.

ಬರುವಷ್ಟರಲ್ಲಿ ಅವನು ಕೆಚ್ಚಲು ಬಿಚ್ಚಿ, ಸೀಮೆಎಣ್ಣೆಯ ಬೋಗುಣಿಯಲ್ಲಿ ಅದ್ದಿ, ಬ್ರಶ್ಶು ಹಾಕಿ ತಿಕ್ಕಿ ಫಳಫಳ ಮಾಡಿದ್ದ. “ನೋಡು ಬಸಣ್ಣ, ಮುಖ ನೋಡ್ಕೊಳ್ಳಲಕ್ಕು” ಎಂದ.

“ಅದರ ಮ್ಯಾಲೆ ಬೆಳ್ಳಗ ಒಂದು ಗುರುತು ಇತ್ತಲ್ಲ?”

“ಇತ್ತು ಮಾರಾಯಾ. ಮರದ ಕೆಳಗೆ ನಿಂತ ಗಾಡಿ ಅಲ್ದಾ, ಹಲ್ಲಿ ಹೊಲಸು ಅಂತ ಮಾಡಿದೆ. ಎಂತಾ ಗುರುತು ಅದು?”

“ಸುಣ್ಣ. ಸೋರೂ ಜಾಗಾಕ್ಕ ಹಚ್ಚಿದ್ದು.”

“ಯಾರು?” ಎಂದು ಕೇಳಿ, ಕೇಳಿದ ಕೂಡಲೇ ಅವನಿಗೆ ತಿಳಿಯಿತು. ಬ್ರಶ್ಶನ್ನು ಕೆಳಗಿಟ್ಟ. ಇಬ್ಬರೂ ಬೋಗುಣಿಗೆ ಬಗ್ಗಿ ನೋಡಿದೆವು. ಸೀಮೆಎಣ್ಣೆ ಕಪ್ಪಾಗಿತ್ತು. ಗುರುತು ಎಲ್ಲಿತ್ತು ಎಂದು ಅವನಿಗೆ ನೆನಪಿಲ್ಲ. ನಾನಂತೂ ನೋಡಿಯೇ ಇರಲಿಲ್ಲ. ಅವಳು ಒತ್ತುವಾಗ ನಾನು ಕನ್ನಡಿಯಲ್ಲಿ ಹಿಂದಿನ ಹಗ್ಗ ನೋಡುತ್ತಿದ್ದೆ.

ನಾನು ಸಿಟ್ಟಾಗಿ ಅವನಿಗೆ ಒಂದು ಮಾತು ಅನ್ನಬಹುದಿತ್ತು. ಆಗ ಸಿಟ್ಟು ಮಾಡಲಿಕ್ಕೂ ಶಕ್ತಿ ಬೇಕು ಎಂಬುದು ನನಗೆ ಗೊತ್ತಾಯಿತು. ಅವನು ನಾಚಿಕೊಂಡು ಎಲ್ಲ ಕವಲಿಗೂ ಹೊಸ ಪ್ಯಾಕಿಂಗ್ ಹಾಕಿದ, ಕೇಳದಿದ್ದರೂ ಆಯಿಲ್ ಬದಲಿಸಿದ. “ಸುಟ್ಟ ಪ್ಯಾಕಿಂಗೇ ಇರ್ಬೇಕು, ಇನ್ನೆಲ್ಲಿ ಸೋರ್ತದೆ” ಎಂದ. ಗ್ಯಾರೇಜಿನ ಗದ್ದಲದ ನಡುವೆ ಅಂಗಳದಲ್ಲೇ ಎಂಜಿನ್ನು ಜೋರು ಮಾಡಿ, “ಕೇಳು, ಸೀಟಿ ಉಂಟಾ?” ಎಂದ. ನಾನು ರೂಢಿಯಂತೆ ಕಿವಿಗೊಟ್ಟ ಹಾಗೆ ಮಾಡಿ, ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಲೋಡು ಹೇರಿಕೊಂಡು ತ್ಯಾಗಲಿಗೆ ಹೊರಟೆ. ಏರು ಬಂತು. ಕಿವಿಗೆ ಗೊತ್ತಾಗದ್ದು ಕಾಲಿಗೆ ಗೊತ್ತಾಗುತ್ತದೆ. ಕಾಲು ಇಳಿಯುತ್ತ ಹೋಯಿತು, ಗಾಡಿ ಮೇಲೇಳಲಿಲ್ಲ. ಕನ್ನಡಿಯಲ್ಲಿ ಕಪ್ಪು ಹೊಗೆ. ಅರ್ಧ ಏರಿನಲ್ಲಿ ನಿಲ್ಲಿಸಿ, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟೆ. ಮುಚ್ಚಳ ಎತ್ತಿ ಪೈಪಿನ ತುಂಡನ್ನು ನಾನೇ ಕಿವಿಗೆ ಇಟ್ಟುಕೊಂಡೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಆಡಿಸಿದೆ. ಬಾವಿಗೆ ಬಗ್ಗಿದ ಹಾಗೆ ಗೋಂಯ್ ಎಂದಿತು, ಅಷ್ಟೇ. ಮತ್ತೆ ಹತ್ತಿ, ಮೊದಲನೇ ಗೇರಿನಲ್ಲಿ, ನಡೆದು ಹೋಗುವವರು ನನ್ನನ್ನು ಹಿಂದೆ ಹಾಕುವ ಹಾಗೆ ಹೆಗಡೇರ ಮನೆ ಮುಟ್ಟಿಸಿದೆ.

ಹೆಗಡೇರಿಗೆ ವಯಸ್ಸಾಗಿದೆ, ಕಿವಿ ಚುರುಕು. ಅಂಗಳದಲ್ಲೇ ನಿಂತಿದ್ದರು. “ಎಂತ ಬಸಣ್ಣ, ಗಾಡಿ ಏದುಸಿರು ಬಿಡ್ತದಲ್ಲ. ಸೀಟಿ ತಿರುವಿನಿಂದಲೇ ಕೇಳ್ತಿತ್ತು ನಂಗೆ” ಎಂದರು.

“ಎಲ್ಲಿಂದ ಬರ್ತೈತಿ ಅಂತ ಹೇಳೂದಾಗ್ತೈತೇನ್ರಿ?” ಎಂದೆ. ಯಾಕೆ ಕೇಳಿದೆನೋ.

ಅವರಿಗೆ ಹುರುಪು ಬಂತು. ಪಂಚೆ ಎತ್ತಿ ಕಟ್ಟಿದರು. ಒಳಗಿನಿಂದ ಬಂದ ಅವರ ಹೆಂಡತಿ, “ಎಂತಕ್ಕೆ ಈ ವಯಸ್ಸಲ್ಲಿ? ಬೀಳಡಿ ಮತ್ತೆ” ಎಂದು ಬೀಳದ ಹಾಗೆ ಎಚ್ಚರ ಹೇಳಿದರು. “ಎಂತೂ ಆಗ್ತಿಲ್ಲೆ. ಆನು ನೋಡ್ತೆ” ಎಂದು ಹೆಗಡೇರು ನನ್ನ ಹೆಗಲು ಹಿಡಿದು ಲಾರಿ ಹತ್ತಿದರು. ನೀಲವ್ವ ಕೂರುತ್ತಿದ್ದಲ್ಲಿ ಕೂತು ಪೈಪು ಕಿವಿಗಿಟ್ಟರು. ನಾನು ಎಂಜಿನ್ನು ಜೋರು ಮಾಡಿದೆ. “ಇಲ್ಲೇ!” ಎಂದರು. ತುಸು ಸರಿಸಿ, “ಅಲ್ಲ, ಇಲ್ಲಿ.” ಮತ್ತೆ, “ಇಲ್ಲಿಯೂ ಉಂಟು.” ಕೊನೆಗೆ ಪೈಪು ತೆಗೆದು, “ಎಲ್ಲಾ ಕಡೆ ಕೇಳ್ತದೆ ಮಾರಾಯಾ. ಅವಳು ಹ್ಯಾಂಗೆ ಹಿಡೀತಿದ್ಲು?” ಎಂದರು.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿಯೂ ನಾನು ಅವಳನ್ನು ಅದೊಂದು ಕೇಳಿರಲಿಲ್ಲ. ಹೆಗಡೇರು ಇಳಿದ ಮೇಲೆ, ಹುಲ್ಲು ಇಳಿಸುವವರು ಕೆಲಸ ಮಾಡುತ್ತಿರುವಾಗ, ನಾನು ಸ್ಟೇರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತೆ. ಮಾರುವುದೇ ಸರಿ ಎಂದು ಆಗ ಅನ್ನಿಸಿತ್ತು. ಕಸ್ತೂರಿಗೆ ಫೋನು ಮಾಡಲೂ ಹೊರಟಿದ್ದೆ. ಹೆಗಡೇರು ಕಿಟಕಿಯ ಕೆಳಗೆ ಬಂದು ನಿಂತು, “ಇನ್ನೊಂದು ಲೋಡು ಯಾವಾಗ ತರ್ತೆ? ನಿನ್ನ ಹುಲ್ಲು ಬಿಟ್ರೆ ಬೇರೆದಕ್ಕೆ ನಮ್ಮ ದನ ಬಾಯಿ ಹಾಕೂದಿಲ್ಲ” ಎಂದರು. ಅದು ನಿಜವಿರಲಾರದು. ದನಕ್ಕೆ ಯಾರ ಹುಲ್ಲಾದರೇನು? ಆದರೂ ನಾನು ಫೋನನ್ನು ಜೇಬಿಗೆ ಹಾಕಿದೆ.

ವಾಪಸು ಹೋದಾಗ ಗಜಾನನ ಈ ಸಲ ಅವಸರ ಮಾಡಲಿಲ್ಲ. ಕೊಳವೆಯ ಬಾಯಿಗಳಿಗೆಲ್ಲ ರಬ್ಬರಿಟ್ಟು ಬಿಗಿದು, ಕಂಪ್ರೆಸರಿನಿಂದ ಒಳಗೆ ಗಾಳಿ ತುಂಬಿ, ಮೈಮೇಲೆಲ್ಲ ಸಾಬೂನು ನೊರೆ ಬಳಿದ. ಮೂರನೆಯ ಕವಲಿನ ಸಂದಿಯಲ್ಲಿ, ಕೆಳಮೈಗೆ, ಕೂದಲೆಳೆಯಂಥ ಬಿರುಕಿನಿಂದ ಗುಳ್ಳೆಗಳು ಎದ್ದವು. ಅವಳ ಬೆರಳು ಹೋಗಿದ್ದು ಅಲ್ಲಿಗೇ ಇರಬೇಕು. ಇರಬೇಕು ಎನ್ನುವುದಷ್ಟೇ ನನ್ನ ಕೈಲಾಗುತ್ತದೆ.

“ವೆಲ್ಡಿಂಗ್ ಮಾಡಿದ್ರೆ ನಾಕು ದಿನಕ್ಕೆ ಮತ್ತೆ ಬಿಡ್ತದೆ. ಬೇರೆ ಹಾಕೋಣ. ಈಗ ದಪ್ಪ ಮೈಯ್ಯಿಂದು ಬರ್ತದೆ, ಗಟ್ಟಿ” ಎಂದ. ಹಾಕು ಎಂದೆ. ಹುಬ್ಬಳ್ಳಿಯಿಂದ ತರಿಸಿ ಹಾಕಿದ. ಕೆಲಸ ಮುಗಿದ ಮೇಲೆ ಹಳೆಯದನ್ನು ಕೈಯಲ್ಲಿ ಹಿಡಿದು, “ಮನೆಗೆ ಒಯ್ತ್ಯಾ?” ಎಂದು ಮೆಲ್ಲಗೆ ಕೇಳಿದ. ತಿರುಗಿಸಿ ನೋಡಿದೆ. ಸ್ವಚ್ಛವಾಗಿತ್ತು. ಅದರ ಮೇಲೆ ಏನೂ ಇರಲಿಲ್ಲ. “ಗುಜರಿಗೆ ಹಾಕು” ಎಂದೆ.

ಮುಂದಿನ ಲೋಡಿಗೆ ಅದೇ ಏರು ಹತ್ತಿದೆ. ಗಾಡಿ ನನ್ನ ಕಾಲು ಕೇಳಿದಷ್ಟು ಕೊಟ್ಟಿತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಚೊಕ್ಕವಾಗಿ ಕಾಣಿಸಿತು. ತುದಿ ಮುಟ್ಟಿದ ಮೇಲೆ ಯಾವ ಕಾರಣವೂ ಇಲ್ಲದೆ ಗಾಡಿ ನಿಲ್ಲಿಸಿದೆ. ಕೆಳಗೆ ಇಳಿದು ಹಗ್ಗ ನೋಡಿದೆ. ಹಗ್ಗ ಬಿಗಿಯಾಗಿಯೇ ಇತ್ತು. ಮನೆ ಹತ್ತಿರ ಬರುವಾಗ ಹೆಗಡೇರು ಅಂಗಳದಿಂದಲೇ ಕೂಗಿ ಹೇಳಿದರು, “ಸೀಟಿ ಹೋಯ್ತು ಬಸಣ್ಣ! ಕಿವಿಗೊಟ್ಟು ಕೇಳಿದೆ, ಎಂತ ಸದ್ದೂ ಇಲ್ಲ.” ಚಲೋ ಆತ್ರಿ ಎಂದೆ. ಆ ಸಂಜೆ ಕಸ್ತೂರಿಗೆ ಫೋನು ಮಾಡಿ ಗಾಡಿ ಮಾರುವುದಿಲ್ಲ ಎಂದು ಹೇಳಿದೆ. ಅವಳು ಮೆಲ್ಲಗೆ ಏನೋ ಅಂದಳು, ನನಗೆ ಕೇಳಿಸಲಿಲ್ಲ.

ಈಗ ವಾರಕ್ಕೊಮ್ಮೆಯಾದರೂ ಆ ದಾರಿಯಲ್ಲಿ ಹೋಗುತ್ತೇನೆ. ಸೋರುತ್ತಿದ್ದಾಗಲೂ ಆ ಏರಿನಲ್ಲಿ ನನಗೆ ಏನೂ ಕೇಳುತ್ತಿರಲಿಲ್ಲ, ಸೋರುವುದು ನಿಂತ ಮೇಲೂ ಏನೂ ಕೇಳುವುದಿಲ್ಲ. ನನ್ನ ಕಿವಿಗೆ ಎರಡೂ ಒಂದೇ. ಗಾಡಿ ಸರಿಯಾಗಿದೆ ಎಂದು ಬೇರೆಯವರು ಹೇಳುತ್ತಾರೆ, ನಾನು ನಂಬುತ್ತೇನೆ. ಏರು ಹತ್ತುವಾಗ ನನ್ನ ಪಕ್ಕದಲ್ಲಿ ಕೂತು ಅದನ್ನು ಕೇಳಿ ಹೇಳುವವಳು ಇಲ್ಲ.